ಸ್ವಂತ ಪೋರ್ಟ್ ಸ್ಕ್ಯಾನರ್: ಬ್ಯಾಶ್, ಪೈಥಾನ್, ಸ್ಕೇಪಿ, ಗೋ, ಎನ್‌ಮ್ಯಾಪ್‌ಗಳಲ್ಲಿ ಯಾವುದು ಯಾರಿಗೆ

ಕೊನೆಯ ವರ್ಷದ ಪ್ರಾಜೆಕ್ಟಿಗೆ ಪೋರ್ಟ್ ಸ್ಕ್ಯಾನರನ್ನು (ಒಂದು ಯಂತ್ರದ ಯಾವ ಪೋರ್ಟುಗಳು, ಅಂದರೆ ನೆಟ್‌ವರ್ಕಿನ ಬಾಗಿಲುಗಳು, ತೆರೆದಿವೆ ಎಂದು ನೋಡುವ ಪ್ರೋಗ್ರಾಮನ್ನು) ಆರಿಸಿಕೊಂಡ ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಎ.ಪಿ.ಎಂ.ಸಿ. ಯಾರ್ಡಿನ ಮಂಡಿಗಳಿಗೆ ಕ್ಯಾಮೆರಾ ಮತ್ತು ನೆಟ್‌ವರ್ಕ್ ಹಾಕಿಕೊಡುವ ಹುಡುಗರು, ಸಣ್ಣ ಸಾಫ್ಟ್‌ವೇರ್ ಕಂಪನಿಗಳಲ್ಲಿ ಸರ್ವರ್ ನೋಡಿಕೊಳ್ಳುವವರು ನನ್ನಲ್ಲಿ ಕೇಳುವ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿದ್ದರೂ ಒಂದೇ: ಸ್ವಂತ ಸ್ಕ್ಯಾನರ್ ಬರೆಯುವುದಾದರೆ ಲಿನಕ್ಸ್ ಕಮಾಂಡುಗಳನ್ನು ಓಡಿಸುವ ಬ್ಯಾಶ್ ಸಾಕೇ, ಪೈಥಾನ್ ಬೇಕೇ, ಗೋ ಭಾಷೆ ಕಲಿಯಬೇಕೇ, ಅಥವಾ ಎನ್‌ಮ್ಯಾಪ್ ಎಂಬ ಸಿದ್ಧ ಸ್ಕ್ಯಾನರ್ ಇರುವಾಗ ಬರೆಯುವ ಗೊಡವೆಯೇ ಬೇಡವೇ? ಹಣದ ಮಾತು ಇಲ್ಲಿ ಬೇಗ ಮುಗಿಯುತ್ತದೆ, ಏಕೆಂದರೆ ಈ ಎಲ್ಲ ಸಾಧನಗಳೂ ಉಚಿತವಾಗಿಯೇ ಸಿಗುತ್ತವೆ. ಖರ್ಚಾಗುವುದು ಸಮಯ, ಅದರ ಜೊತೆಗೆ, ತಪ್ಪು ಫಲಿತಾಂಶವನ್ನು ನಂಬಿ ಕುಳಿತರೆ ಆಗುವ ನಷ್ಟ. ಈ ಎರಡನೆಯದನ್ನು ಲೆಕ್ಕಕ್ಕೆ ಹಿಡಿಯದೆ ವೇಗವೊಂದನ್ನೇ ನೋಡಿ ಆರಿಸುವವರೇ ಹೆಚ್ಚು. ನಾನೂ ಮೊದಲು ಹಾಗೆಯೇ ಆರಿಸಿದ್ದೆ.

ಮೆಕ್ಕೆಜೋಳದ ವ್ಯಾಪಾರ ಮಾಡುವ ಒಂದು ಮಂಡಿಯ ನೆಟ್‌ವರ್ಕನ್ನು ಮಾಲೀಕರ ಒಪ್ಪಿಗೆ ಪಡೆದು ಪರೀಕ್ಷಿಸಲು ಹೋಗಿದ್ದೆ. ನಲವತ್ತು ಸಾಲಿನ ನನ್ನ ಪೈಥಾನ್ ಸ್ಕ್ರಿಪ್ಟು ಪ್ರತಿ ಪೋರ್ಟಿನ ಮುಂದೆ 0.2 ಸೆಕೆಂಡ್ ಮಾತ್ರ ಕಾಯುತ್ತಿತ್ತು, ಅದರ ಚುರುಕಿನ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಚೀಲಗಳ ಸಾಲಿನ ಹಿಂದೆ, ವೈಫೈ ಒಂದೇ ಗೆರೆ ತೋರಿಸುವ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಸ್ಕ್ಯಾನ್ ಮಾಡಿ, ಕ್ಯಾಮೆರಾದ ದೃಶ್ಯ ದಾಖಲಿಸುವ ಪೆಟ್ಟಿಗೆಯಾದ ಡಿ.ವಿ.ಆರ್.ನಲ್ಲಿ 37777ನೇ ಪೋರ್ಟ್ ‘ಮುಚ್ಚಿದೆ’ ಎಂದು ಬರೆದುಕೊಟ್ಟು ಬಂದೆ. ಎರಡು ವಾರದ ನಂತರ ಮಾಲೀಕರ ಮಗ ತನ್ನ ಫೋನಿನಲ್ಲಿ ಅದೇ ಡಿ.ವಿ.ಆರ್.ನ ನೇರ ದೃಶ್ಯವನ್ನು, ಅದೇ ಪೋರ್ಟಿನ ಮೂಲಕ, ನನ್ನ ಎದುರೇ ತೆರೆದು ತೋರಿಸಿದ. ಪೋರ್ಟ್ ಮೊದಲಿನಿಂದಲೂ ತೆರೆದೇ ಇತ್ತು. ನನ್ನ ಸ್ಕ್ರಿಪ್ಟು ಉತ್ತರ ಬರುವ ಮೊದಲೇ ಎದ್ದು ಹೋಗಿತ್ತು.

ಯಾವ ಭಾಷೆ, ಯಾವ ಲೈಬ್ರರಿ ಎಂಬುದಕ್ಕಿಂತ, ಉತ್ತರ ಬಾರದಿದ್ದಾಗ ನಮ್ಮ ಸಾಧನ ಏನು ಹೇಳುತ್ತದೆ ಎಂಬುದೇ ಆಯ್ಕೆಯ ಮೊದಲ ಅಳತೆಗೋಲು ಎಂದು ನಾನು ಅಂದಿನಿಂದ ತಿಳಿದಿದ್ದೇನೆ. ಈ ಹೋಲಿಕೆಯೂ ಆ ನೋಟದಿಂದಲೇ ಬರೆದದ್ದು.

ಮೊದಲು ಅನುಮತಿ

ಅಳತೆಗೋಲುಗಳಿಗೂ ಮೊದಲು ಒಂದು ಶರತ್ತು. ನಿಮ್ಮದಲ್ಲದ ಯಂತ್ರವನ್ನು ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಸ್ಕ್ಯಾನ್ ಮಾಡಬಾರದು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು ಅನುಮತಿಯಿಲ್ಲದ ಪ್ರವೇಶ ಮತ್ತು ಅಡಚಣೆಗೆ ಪರಿಹಾರ ಕಟ್ಟಿಕೊಡುವ ಹೊಣೆ ಹೊರಿಸುತ್ತದೆ. ಅದೇ ಕೆಲಸವನ್ನು ಅಪ್ರಾಮಾಣಿಕ ಅಥವಾ ವಂಚನೆಯ ಉದ್ದೇಶದಿಂದ ಮಾಡಿದರೆ 66ನೇ ಕಲಮಿನ ಅಡಿ ಮೂರು ವರ್ಷದವರೆಗಿನ ಸೆರೆವಾಸ, ಐದು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡೂ ಆಗಬಹುದು. 2022ರ ಏಪ್ರಿಲ್ 28ರಂದು ಸೈಬರ್ ಭದ್ರತೆಯ ಕೇಂದ್ರ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಲ್ಲಿ, ಆರು ಗಂಟೆಯೊಳಗೆ ವರದಿ ಮಾಡಲೇಬೇಕಾದ ಘಟನೆಗಳ ಪಟ್ಟಿಯಲ್ಲಿ ಮಹತ್ವದ ನೆಟ್‌ವರ್ಕುಗಳನ್ನು ಗುರಿಯಾಗಿಸಿದ ಸ್ಕ್ಯಾನಿಂಗ್ ಕೂಡ ಇದೆ. ಕಾಲೇಜಿನ ಲ್ಯಾಬ್ ಆದರೆ ವಿಭಾಗದ ಮುಖ್ಯಸ್ಥರ ಸಹಿ, ಅಂಗಡಿಯಾದರೆ ಮಾಲೀಕರ ಸಹಿ, ಯಾವ ವಿಳಾಸಗಳು, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂಬ ಮೂರು ಸಾಲು ಇದ್ದರೆ ಸಾಕು.

‘ನನ್ನ ಮನೆಯ ಸಾರ್ವಜನಿಕ ಐಪಿಯನ್ನೇ ಹೊರಗಿನಿಂದ ಸ್ಕ್ಯಾನ್ ಮಾಡಿಕೊಂಡರೆ ಯಾರ ಅಪ್ಪಣೆ ಬೇಕು’ ಎಂದು ಕೇಳುವವರಿಗೆ ಒಂದು ಮಾತು. ಸಾಮಾನ್ಯ ಬ್ರಾಡ್‌ಬ್ಯಾಂಡ್ ಸಂಪರ್ಕದಲ್ಲಿ ಆ ಐಪಿ ಆಗಾಗ ಬದಲಾಗುತ್ತದೆ, ನಿನ್ನೆ ನಿಮ್ಮದಾಗಿದ್ದ ವಿಳಾಸ ಇವತ್ತು ವಿದ್ಯಾನಗರದ ಬೇರೊಬ್ಬರದ್ದಾಗಿರಬಹುದು. ಎಷ್ಟೋ ಸಂಪರ್ಕಗಳಲ್ಲಿ ಒಂದೇ ಸಾರ್ವಜನಿಕ ಐಪಿಯ ಹಿಂದೆ ಅನೇಕ ಗ್ರಾಹಕರಿರುತ್ತಾರೆ. ಆಗ ನೀವು ತಟ್ಟುತ್ತಿರುವುದು ನಿಮ್ಮ ರೂಟರಿನ ಬಾಗಿಲನ್ನಲ್ಲ, ಇಂಟರ್ನೆಟ್ ಕೊಡುವವರ ಉಪಕರಣದ ಬಾಗಿಲನ್ನು. ಹೊರಗಿನ ಯಂತ್ರವೊಂದರ ಮೇಲೆ ಅಭ್ಯಾಸ ಬೇಕೇ ಬೇಕೆಂದರೆ ಎನ್‌ಮ್ಯಾಪ್ ಯೋಜನೆಯವರೇ ‘ಸ್ಕ್ಯಾನ್‌ಮಿ’ ಎಂಬ ಸರ್ವರನ್ನು ಅದಕ್ಕಾಗಿ ಬಿಟ್ಟಿದ್ದಾರೆ, ದಿನಕ್ಕೆ ಕೆಲವೇ ಸಲ ಎಂಬ ವಿನಂತಿಯೊಂದಿಗೆ.

ಯಾವುದನ್ನು ಅಳೆಯಬೇಕು

ಟಿಸಿಪಿ (ಯಂತ್ರಗಳು ಮೊದಲು ಸಂಪರ್ಕ ಕಟ್ಟಿಕೊಂಡು ಮಾತಾಡುವ ನಿಯಮ) ಪೋರ್ಟ್ ಸಂಖ್ಯೆ 16 ಬಿಟ್‌ನದ್ದು, ಆದ್ದರಿಂದ ಒಂದು ಯಂತ್ರದಲ್ಲಿ 1ರಿಂದ 65,535ರವರೆಗೆ ಬಾಗಿಲುಗಳು. ಸ್ಕ್ಯಾನರ್ ಸಂಪರ್ಕ ಕೋರುವ ಒಂದು ಸಿನ್ ಪ್ಯಾಕೆಟ್ ಕಳಿಸಿದಾಗ ಒಪ್ಪಿಗೆಯ ಸಿನ್-ಆ್ಯಕ್ ಬಂದರೆ ಪೋರ್ಟ್ ತೆರೆದಿದೆ. ನಿರಾಕರಣೆಯ ರಿಸೆಟ್ ಬಂದರೆ ಯಂತ್ರ ಜೀವಂತವಾಗಿದೆ, ಆದರೆ ಆ ಪೋರ್ಟಿನಲ್ಲಿ ಯಾರೂ ಕುಳಿತಿಲ್ಲ. ಏನೂ ಬಾರದಿದ್ದರೆ ನಡುವೆ ಫೈರ್‌ವಾಲ್ ಪ್ಯಾಕೆಟನ್ನು ನುಂಗಿರಬಹುದು, ಪ್ಯಾಕೆಟ್ ದಾರಿಯಲ್ಲಿ ಕಳೆದುಹೋಗಿರಬಹುದು, ಯಂತ್ರವೇ ಆಫ್ ಆಗಿರಬಹುದು. ‘ಮುಚ್ಚಿದೆ’ ಮತ್ತು ‘ಗೊತ್ತಿಲ್ಲ’ ಎಂಬ ಎರಡು ಉತ್ತರಗಳನ್ನು ಬೇರೆ ಬೇರೆಯಾಗಿ ಹೇಳುವುದೇ ಮೊದಲನೆಯ ಅಳತೆ.

ಚಿತ್ರದುರ್ಗದ ಕಡೆಯ ಗೆಳೆಯರು ಈ ವಿಷಯ ಬಂದರೆ ಓಬವ್ವನ ಕಿಂಡಿಯ ಉದಾಹರಣೆ ಕೊಡದೆ ಬಿಡುವುದಿಲ್ಲ. ನನಗೆ ಅದು ಪೂರ್ತಿ ಹೊಂದುವುದಿಲ್ಲ. ಆ ಕಿಂಡಿ ಕೋಟೆಯವರಿಗೆ ಗೊತ್ತಿತ್ತು, ಅದಕ್ಕೊಬ್ಬ ಕಾವಲುಗಾರನೂ ಇದ್ದ, ಅವನು ಊಟಕ್ಕೆ ಹೋದ ಹೊತ್ತಿನಲ್ಲಿ ಕಾಯಲು ಹೆಂಡತಿಯಿದ್ದಳು. ಮಂಡಿಯ ಡಿ.ವಿ.ಆರ್.ನ ಪೋರ್ಟು ಯಾರ ಪಟ್ಟಿಯಲ್ಲೂ ಇರಲಿಲ್ಲ.

ಎರಡನೆಯದು, ಪರೀಕ್ಷೆಯಿಂದ ಯಾವುದೂ ಕೆಡಬಾರದು. ನೆಟ್‌ವರ್ಕ್ ಪ್ರಿಂಟರುಗಳ 9100ನೇ ಪೋರ್ಟ್ ತನಗೆ ಬಂದ ಅಕ್ಷರಗಳನ್ನು ಹಾಗೆಯೇ ಕಾಗದದ ಮೇಲೆ ಇಳಿಸುತ್ತದೆ. ತೆರೆದ ಪೋರ್ಟಿಗೆಲ್ಲ ‘ನೀನು ಯಾರು’ ಎಂದು ಒಂದು ವೆಬ್ ವಿನಂತಿ ಕಳಿಸುವಂತೆ ಸ್ಕ್ರಿಪ್ಟು ಬರೆದಿದ್ದ ನನ್ನ ಶಿಷ್ಯನೊಬ್ಬ, ಲೆಕ್ಕಪತ್ರದ ಕಚೇರಿಯೊಂದರಲ್ಲಿ ಅದನ್ನು ಓಡಿಸಿದಾಗ ಪ್ರಿಂಟರು ಹಾಳೆಯ ಮೇಲೆ ಒಂದೂವರೆ ಸಾಲು ಅಚ್ಚು ಹಾಕಿ ಹೊರಗೆ ತಳ್ಳಿತು. ಅವನು ಪರೀಕ್ಷೆ ಸರಿಯಾಗಲಿಲ್ಲವೆಂದು ಮತ್ತೆ ಮತ್ತೆ ಓಡಿಸಿದ, ಪಕ್ಕದ ಕೋಣೆಯಲ್ಲಿ ಹಾಳೆಗಳು ಬೀಳುತ್ತಲೇ ಇದ್ದವು. ಎನ್‌ಮ್ಯಾಪ್ ತನ್ನ ಸೇವೆ ಗುರುತಿಸುವ ಹಂತದಲ್ಲಿ 9100ರಿಂದ 9107ರವರೆಗಿನ ಪೋರ್ಟುಗಳನ್ನು ತಾನಾಗಿಯೇ ಬಿಟ್ಟು ಮುಂದೆ ಹೋಗುವುದು ಇಂಥ ಅನುಭವಗಳಿಂದಲೇ.

ಮೂರನೆಯದು ವೇಗ. ಒಂದೊಂದೇ ಪೋರ್ಟಿನ ಮುಂದೆ ಒಂದು ಸೆಕೆಂಡ್ ಕಾಯುತ್ತ ಹೋದರೆ, ಎಲ್ಲವೂ ಮೌನವಾಗಿರುವ ಒಂದು ಯಂತ್ರಕ್ಕೆ 18 ಗಂಟೆಗೂ ಹೆಚ್ಚು ಬೇಕು. 200 ಪೋರ್ಟುಗಳನ್ನು ಒಟ್ಟಿಗೆ ತಟ್ಟಿದರೆ ಅದೇ ಕೆಲಸ ಐದೂವರೆ ನಿಮಿಷಕ್ಕೆ ಇಳಿಯುತ್ತದೆ, ಒಂದು ಪ್ಲೇಟ್ ಮಂಡಕ್ಕಿ-ಮಿರ್ಚಿ ಮುಗಿಯುವ ಹೊತ್ತು. ಆದರೆ ಸಣ್ಣ ಅಂಗಡಿಯಲ್ಲಿ ಕೇಳಬೇಕಾದ ಪೋರ್ಟುಗಳು ಇಪ್ಪತ್ತರ ಆಸುಪಾಸು: ರಿಮೋಟ್ ಡೆಸ್ಕ್‌ಟಾಪಿನ 3389, ಫೈಲ್ ಹಂಚಿಕೆಯ 445, ಕ್ಯಾಮೆರಾದ 554, ಟೆಲ್ನೆಟ್‌ನ 23, ಡೇಟಾಬೇಸಿನ 3306, ಟ್ಯಾಲಿ ಬಳಸುವ 9000, ಹೀಗೆ. 254 ವಿಳಾಸಗಳಲ್ಲಿ ಇಪ್ಪತ್ತು ಪೋರ್ಟುಗಳೆಂದರೆ 5,080 ಪ್ರಶ್ನೆ. 200ರ ಗುಂಪಿನಲ್ಲಿ ಅರ್ಧ ನಿಮಿಷದ ಕೆಲಸ. ಇದಕ್ಕಿಂತ ವೇಗ ಯಾರಿಗೆ ಬೇಕೆಂದು ಮೊದಲು ಕೇಳಿಕೊಳ್ಳಬೇಕು.

ಉಳಿದ ಎರಡು ಅಳತೆಗಳು ಸರಳ: ಸಾಧನ ಓಡುವ ಯಂತ್ರದಲ್ಲಿ ನಿಮಗೆ ರೂಟ್ ಅಥವಾ ಅಡ್ಮಿನ್ ಹಕ್ಕು ಇದೆಯೇ, ಹೊಸದೇನನ್ನಾದರೂ ಇನ್‌ಸ್ಟಾಲ್ ಮಾಡಲು ಬಿಡುತ್ತಾರೆಯೇ, ಮತ್ತು ನೀವು ಇದನ್ನು ಕಟ್ಟುತ್ತಿರುವುದು ಕಲಿಯಲಿಕ್ಕೋ, ವರದಿ ಕೊಡಲಿಕ್ಕೋ.

ಬ್ಯಾಶ್ ಮತ್ತು ನೆಟ್‌ಕ್ಯಾಟ್

ಬ್ಯಾಶ್‌ನಲ್ಲಿ ‘ಡೆವ್-ಟಿಸಿಪಿ’ ಎಂಬ ಹೆಸರಿನಲ್ಲಿ ಒಂದು ಒಳಗಿನ ಸೌಲಭ್ಯವಿದೆ. ಫೈಲಿಗೆ ಬರೆಯುವಂತೆ ಅದಕ್ಕೆ ಬರೆಯಲು ಹೋದರೆ ಬ್ಯಾಶ್ ತಾನೇ ಸಂಪರ್ಕ ಏರ್ಪಡಿಸುತ್ತದೆ. ನಿಜವಾಗಿ ಅಂಥ ಫೈಲು ಡಿಸ್ಕಿನಲ್ಲಿ ಇರುವುದಿಲ್ಲ, ಹೀಗಾಗಿ ಉಬುಂಟುವಿನಲ್ಲಿ ‘ಎಸ್‌ಎಚ್’ ಎಂದು ಕರೆದಾಗ ಬರುವ ಡ್ಯಾಶ್ ಎಂಬ ಬೇರೆ ಶೆಲ್ಲಿನಲ್ಲಿ ಅದೇ ಸ್ಕ್ರಿಪ್ಟು ಕೆಲಸ ಮಾಡುವುದಿಲ್ಲ. ಹೊಸಬರು ಇಲ್ಲಿ ಒಂದು ಸಂಜೆ ಕಳೆದುಕೊಳ್ಳುತ್ತಾರೆ. ಅದಕ್ಕೆ ಸ್ವಂತ ಕಾಯುವ ಮಿತಿಯೂ ಇಲ್ಲ, ‘ಟೈಮ್‌ಔಟ್’ ಕಮಾಂಡಿನೊಳಗೆ ಸುತ್ತಿ ಕೊಡಬೇಕು. ಸಂಪರ್ಕ ತೆರೆದು ನೋಡುವ ಪುಟ್ಟ ಸಾಧನವಾದ ನೆಟ್‌ಕ್ಯಾಟ್‌ನ ‘ಝಡ್’ ಆಯ್ಕೆ ಇದಕ್ಕಿಂತ ಅಚ್ಚುಕಟ್ಟು, ಆದರೆ ನೆಟ್‌ಕ್ಯಾಟ್ ಎಂಬ ಹೆಸರಿನಲ್ಲಿ ಹಲವು ಪ್ರೋಗ್ರಾಮುಗಳಿದ್ದು ಅವುಗಳ ಆಯ್ಕೆಗಳು ಒಂದೇ ತೆರನಾಗಿಲ್ಲ.

ಏನನ್ನೂ ಇನ್‌ಸ್ಟಾಲ್ ಮಾಡಲು ಬಿಡದ ಸರ್ವರಿನ ಒಳಗೆ ಕುಳಿತು ‘ಇಲ್ಲಿಂದ ಡೇಟಾಬೇಸಿನ 3306ಕ್ಕೆ ದಾರಿ ಇದೆಯೇ’ ಎಂದು ನೋಡಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಹತ್ತು ಪೋರ್ಟಿನವರೆಗೆ ಸರಿ. ಅದರಾಚೆ ಪ್ರತಿ ಪೋರ್ಟಿಗೂ ಹೊಸ ಪ್ರಕ್ರಿಯೆ ಹುಟ್ಟುತ್ತ ಹೋಗುತ್ತದೆ, ಉತ್ತರದ ಬಗೆಯನ್ನು ತಿಳಿಯಲು ದೋಷದ ಸಾಲುಗಳನ್ನು ಓದಿ ಅರ್ಥ ಮಾಡಿಕೊಳ್ಳಬೇಕಾಗುತ್ತದೆ. ಇದನ್ನು ಪ್ರಾಜೆಕ್ಟ್ ಎಂದು ಒಪ್ಪಿಸಲು ನಾನು ಯಾರಿಗೂ ಹೇಳುವುದಿಲ್ಲ.

ಪೈಥಾನ್

ಹೆಚ್ಚಿನವರು ಬಂದು ನಿಲ್ಲುವುದು ಇಲ್ಲಿ, ನಿಲ್ಲುವುದರಲ್ಲಿ ತಪ್ಪೂ ಇಲ್ಲ. ಸಂಪರ್ಕ ಏರ್ಪಡಿಸುವ ಸಾಕೆಟ್ ಮಾಡ್ಯೂಲ್ ಪೈಥಾನಿನ ಜೊತೆಗೇ ಬರುತ್ತದೆ, ಅಡ್ಮಿನ್ ಹಕ್ಕು ಬೇಡ, 4 ಜಿಬಿ ರ್‍ಯಾಮ್‌ನ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ತೊಂದರೆ ಇರುವುದು ಎಲ್ಲರೂ ಒಬ್ಬರಿಂದೊಬ್ಬರು ನಕಲು ಮಾಡಿಕೊಳ್ಳುವ ಒಂದು ಸಾಲಿನಲ್ಲಿ: ಸಂಪರ್ಕಕ್ಕೆ ಯತ್ನಿಸುವ ‘ಕನೆಕ್ಟ್-ಇಎಕ್ಸ್’ ಕೊಟ್ಟ ಸಂಖ್ಯೆ ಸೊನ್ನೆಯಾದರೆ ತೆರೆದಿದೆ, ಇಲ್ಲದಿದ್ದರೆ ಮುಚ್ಚಿದೆ. ಆ ‘ಇಲ್ಲದಿದ್ದರೆ’ಯೊಳಗೆ ಮೂರು ಬೇರೆ ಸುದ್ದಿಗಳು ಅಡಗಿರುತ್ತವೆ. ಲಿನಕ್ಸ್‌ನಲ್ಲಿ 111 ಬಂದರೆ ಎದುರಿನವರು ನಿರಾಕರಿಸಿದರು ಎಂದರ್ಥ. 11 ಬಂದರೆ ನಾವು ಕಾಯುವ ಸಮಯ ಮುಗಿಯಿತು. 113 ಬಂದರೆ ಯಂತ್ರದವರೆಗೆ ದಾರಿಯೇ ಸಿಗಲಿಲ್ಲ ಅಥವಾ ಫೈರ್‌ವಾಲ್ ಹಾಗೆಂದು ಹೇಳಿಸಿತು. ಮೂರನ್ನೂ ಬೇರೆ ಮಾಡಿ ಬರೆಯಲು ಬೇಕಾಗುವುದು ಇನ್ನೂ ಆರು ಸಾಲು. ಆ ಆರು ಸಾಲಿಲ್ಲದ ಸ್ಕ್ಯಾನರನ್ನು ನಂಬುವುದು ಎತ್ತು ಈಯಿತು ಎಂದವರ ಮಾತು ಕೇಳಿ ಕೊಟ್ಟಿಗೆಗೆ ಕಟ್ಟಲು ಹೊರಟಂತೆ.

ಕಾಯುವ ಸಮಯವನ್ನು ಎಷ್ಟಿಡಬೇಕು ಎಂಬುದಕ್ಕೂ ಕಾರಣವಿರುವ ಉತ್ತರವಿದೆ. ಕಳಿಸಿದ ಸಿನ್ ಪ್ಯಾಕೆಟ್ಟಿಗೆ ಉತ್ತರ ಬಾರದಿದ್ದರೆ ಲಿನಕ್ಸ್ ಸುಮಾರು ಒಂದು ಸೆಕೆಂಡಿನ ನಂತರ ಅದನ್ನು ಮತ್ತೊಮ್ಮೆ ಕಳಿಸುತ್ತದೆ. ನಿಮ್ಮ ಮಿತಿ ಒಂದು ಸೆಕೆಂಡಿಗಿಂತ ಕಡಿಮೆಯಿದ್ದರೆ ಆ ಎರಡನೇ ಪ್ರಯತ್ನ ನಡೆಯುವುದೇ ಇಲ್ಲ. ವೈಫೈನಲ್ಲಿ ಒಂದು ಪ್ಯಾಕೆಟ್ ಕಳೆದರೆ ಒಂದು ತೆರೆದ ಪೋರ್ಟ್ ಕಳೆದಂತೆ. ಮಂಡಿಯಲ್ಲಿ ನನಗಾದದ್ದು ಇದೇ. ಈಗ ನಾನು ಲ್ಯಾನ್ ಕೇಬಲ್ ಹಾಕಿ ಎರಡು ಸೆಕೆಂಡ್ ಇಡುತ್ತೇನೆ, ವೈಫೈ ಆದರೆ ಮೂರು.

ವಿಂಡೋಸ್‌ನಿಂದ ಓಡಿಸುವವರಿಗೆ ಇನ್ನೊಂದು ಎಡವುಗಲ್ಲು ಕಾದಿರುತ್ತದೆ, ಮತ್ತು ನಮ್ಮ ಲ್ಯಾಬುಗಳಲ್ಲಿ ಹೆಚ್ಚಿನವು ವಿಂಡೋಸ್ ಯಂತ್ರಗಳೇ. ಎದುರಿನ ಯಂತ್ರ ರಿಸೆಟ್ ಕಳಿಸಿ ಸ್ಪಷ್ಟವಾಗಿ ನಿರಾಕರಿಸಿದರೂ ವಿಂಡೋಸ್ ಅದನ್ನು ಒಮ್ಮೆಲೇ ಒಪ್ಪದೆ ಅರ್ಧ ಸೆಕೆಂಡಿನ ಅಂತರದಲ್ಲಿ ಮತ್ತೆ ಪ್ರಯತ್ನಿಸುತ್ತದೆ. ಹೀಗಾಗಿ ಅರ್ಧ ಸೆಕೆಂಡಿನ ಮಿತಿಯಿಟ್ಟ ಸ್ಕ್ರಿಪ್ಟು ಮುಚ್ಚಿದ ಪೋರ್ಟನ್ನೂ ‘ಉತ್ತರವಿಲ್ಲ’ ಎಂದು ವರದಿ ಮಾಡುತ್ತದೆ. ಓದಿದವರು ಫೈರ್‌ವಾಲ್ ಬಹಳ ಬಿಗಿಯಾಗಿದೆ ಎಂದು ಸಮಾಧಾನ ಪಟ್ಟುಕೊಳ್ಳುತ್ತಾರೆ. ಒಂದೇ ಸ್ಕ್ರಿಪ್ಟು ಲಿನಕ್ಸ್‌ನಲ್ಲಿ ಒಂದು, ವಿಂಡೋಸ್‌ನಲ್ಲಿ ಇನ್ನೊಂದು ಹೇಳಿದರೆ ಬಹುಪಾಲು ಕಾರಣ ಇದು.

ಒಟ್ಟೊಟ್ಟಿಗೆ ತಟ್ಟಲು ಎರಡು ದಾರಿಗಳಿವೆ. ಥ್ರೆಡ್ ಪೂಲ್ (ಒಟ್ಟಿಗೆ ಓಡುವ ಕೆಲಸಗಳ ಗುಂಪು) ಓದಲು ಸುಲಭ, 100ರಿಂದ 200 ಥ್ರೆಡ್ಡಿನವರೆಗೆ ತಕರಾರಿಲ್ಲ. ಅಸಿಂಕ್‌ಐಒ ಒಂದೇ ಥ್ರೆಡ್ಡಿನಲ್ಲಿ ಸಾವಿರದ ಲೆಕ್ಕದಲ್ಲಿ ಸಂಪರ್ಕಗಳನ್ನು ಹಿಡಿಯಬಲ್ಲದು, ಆದರೆ ಲಿನಕ್ಸ್‌ನಲ್ಲಿ ಒಂದು ಪ್ರಕ್ರಿಯೆ ತೆರೆಯಬಹುದಾದ ಫೈಲುಗಳ ಮಿತಿ ಸಾಮಾನ್ಯವಾಗಿ 1,024 ಇರುವುದರಿಂದ, ಸಾಕೆಟ್‌ಗಳೂ ಆ ಲೆಕ್ಕಕ್ಕೇ ಸೇರುವುದರಿಂದ, ಒಮ್ಮೆಗೆ ಇಷ್ಟೇ ಎಂದು ಮಿತಿ ಹಾಕುವ ಸೆಮಫೋರ್ ಬಳಸಿ ತಡೆಯದಿದ್ದರೆ ಸಾಕೆಟ್‌ಗಳೇ ಸಿಗದೆ ದೋಷ ಬರುತ್ತದೆ, ಆ ದೋಷವನ್ನೂ ಕೆಲವರ ಸ್ಕ್ರಿಪ್ಟು ‘ಮುಚ್ಚಿದೆ’ ಎಂದೇ ಬರೆದುಕೊಳ್ಳುತ್ತದೆ. ನನ್ನ ಮತ ಥ್ರೆಡ್ ಪೂಲಿನ ಕಡೆಗೆ, ಕನಿಷ್ಠ ಮೊದಲ ಸಲಕ್ಕೆ.

ಸ್ಕೇಪಿ

ಫಿಲಿಪ್ ಬಿಯಾಂಡಿ 2003ರಲ್ಲಿ ಹೊರತಂದ ಸ್ಕೇಪಿ ಪೈಥಾನಿನ ಲೈಬ್ರರಿಯೇ, ಆದರೆ ಅದು ಇಡುವ ಹೆಜ್ಜೆ ಬೇರೆ. ಸಾಕೆಟ್ ಮೂಲಕ ಹೋದಾಗ ಆಪರೇಟಿಂಗ್ ಸಿಸ್ಟಮ್ ಎಲ್ಲ ಮಾತುಕತೆ ಮುಗಿಸಿ ನಮಗೆ ಒಂದು ಸಂಖ್ಯೆಯನ್ನು ಮಾತ್ರ ಕೊಡುತ್ತದೆ. ಸ್ಕೇಪಿಯಲ್ಲಿ ಪ್ಯಾಕೆಟನ್ನು ನಾವೇ ಕಟ್ಟಿ ಕಳಿಸಿ, ಬಂದ ಪ್ಯಾಕೆಟನ್ನು ಬಿಚ್ಚಿ ನೋಡುತ್ತೇವೆ. ಇದರ ಬೆಲೆ ಒಂದು ಉದಾಹರಣೆಯಲ್ಲಿ ತಿಳಿಯುತ್ತದೆ. ಲಿನಕ್ಸ್ ಫೈರ್‌ವಾಲಿನ ‘ರಿಜೆಕ್ಟ್’ ನಿಯಮ ಸಾಮಾನ್ಯವಾಗಿ ನೆಟ್‌ವರ್ಕಿನ ದೋಷ ತಿಳಿಸುವ ಐಸಿಎಂಪಿಯ ‘ಪೋರ್ಟ್ ತಲುಪಲಾಗದು’ ಎಂಬ ಸಂದೇಶ ಕಳಿಸುತ್ತದೆ, ಸಾಕೆಟ್ ಅದನ್ನು ಕೂಡ 111 ಎಂದೇ ಹೇಳುತ್ತದೆ. ಅಂದರೆ ಫೈರ್‌ವಾಲ್ ತಡೆದದ್ದಕ್ಕೂ ಯಾರೂ ಇಲ್ಲದಿರುವುದಕ್ಕೂ ಸಾಮಾನ್ಯ ಪೈಥಾನ್ ಸ್ಕ್ರಿಪ್ಟಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಸ್ಕೇಪಿಗೆ ರಿಸೆಟ್ ಬಂದಿತೋ ಐಸಿಎಂಪಿ ಬಂದಿತೋ ಕಣ್ಣಿಗೆ ಕಾಣುತ್ತದೆ.

ಇದಕ್ಕೆ ತೆರಬೇಕಾದದ್ದೂ ಇದೆ. ಲಿನಕ್ಸ್‌ನಲ್ಲಿ ರೂಟ್ ಹಕ್ಕು ಬೇಕು, ವಿಂಡೋಸ್‌ನಲ್ಲಿ ಎನ್‌ಪಿಕ್ಯಾಪ್ ಎಂಬ ಪ್ಯಾಕೆಟ್ ಹಿಡಿಯುವ ಸಾಧನ ಹಾಕಬೇಕು, ಒಂದೊಂದೇ ಪ್ಯಾಕೆಟ್ ಕಳಿಸಿ ಕಾಯುವ ರೀತಿ ಬರೆದರೆ ಬಹಳ ನಿಧಾನ. ಸಿನ್-ಆ್ಯಕ್ ಬಂದೊಡನೆ, ಈ ಸಂಪರ್ಕ ತಾನು ಆರಂಭಿಸಿದ್ದಲ್ಲ ಎಂದು ನಮ್ಮ ಯಂತ್ರದ ಕರ್ನಲ್ಲೇ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಎದುರಿನವರಿಗೆ ರಿಸೆಟ್ ಕಳಿಸಿಬಿಡುವುದನ್ನು ಕಂಡು ವಿದ್ಯಾರ್ಥಿಗಳು ಗಾಬರಿಯಾಗುತ್ತಾರೆ. ಸಿನ್ ಸ್ಕ್ಯಾನಿಗೆ ಅದರಿಂದ ತೊಂದರೆಯೇನಿಲ್ಲ, ಅರ್ಧ ತೆರೆದ ಸಂಪರ್ಕ ಹಾಗೆ ಮುಚ್ಚಿಹೋಗುವುದು ಒಳ್ಳೆಯದೇ. ಸಂಪರ್ಕ ಕಟ್ಟದೆಯೇ ಪ್ಯಾಕೆಟ್ ಕಳಿಸುವ ಯುಡಿಪಿಯನ್ನು ಅರ್ಥ ಮಾಡಿಕೊಳ್ಳಲೂ ಸ್ಕೇಪಿ ಒಳ್ಳೆಯ ಮೇಷ್ಟ್ರು. ಅಲ್ಲಿ ತೆರೆದ ಪೋರ್ಟು ಸಾಮಾನ್ಯವಾಗಿ ಸುಮ್ಮನಿರುತ್ತದೆ, ಮುಚ್ಚಿದ್ದು ಐಸಿಎಂಪಿ ಕಳಿಸುತ್ತದೆ, ಲಿನಕ್ಸ್ ಆ ಐಸಿಎಂಪಿಯನ್ನೂ ಸೆಕೆಂಡಿಗೆ ಸುಮಾರು ಒಂದರಂತೆ ಅಳೆದು ಕೊಡುತ್ತದೆ. ಎಲ್ಲ ಪೋರ್ಟು ಮುಗಿಸಲು ಮತ್ತೆ 18 ಗಂಟೆಯ ಲೆಕ್ಕವೇ. ವೇಗದ ಭಾಷೆಗೆ ಹೋದರೂ ಈ ಗಂಟು ಬಿಚ್ಚುವುದಿಲ್ಲ, ಏಕೆಂದರೆ ನಿಧಾನ ಇರುವುದು ಎದುರಿನ ಯಂತ್ರದಲ್ಲಿ.

ಗೋ

ಗೋದ ನಿಜವಾದ ಲಾಭ ವೇಗವಲ್ಲ ಎಂದರೆ ಗೋ ಅಭಿಮಾನಿಗಳಿಗೆ ಸಿಟ್ಟು ಬರಬಹುದು. ಗೋದ ಹಗುರ ಥ್ರೆಡ್ಡಾದ ಗೋರೂಟೀನ್ 2 ಕೆಬಿ ಸ್ಟ್ಯಾಕಿನಿಂದ ಆರಂಭವಾಗುವುದರಿಂದ ಸಾವಿರಗಟ್ಟಲೆ ಸಂಪರ್ಕಗಳನ್ನು ಹಗುರವಾಗಿ ನಡೆಸುತ್ತದೆ, ನಿಜ. ಆದರೆ ಕಾಯುವ ಸಮಯ ಪೈಥಾನಿಗೂ ಗೋಗೂ ಒಂದೇ, ತೆರೆಯಬಹುದಾದ ಫೈಲುಗಳಿಗೆ ಅಲ್ಲೂ ಒಂದು ಮಿತಿ ಇದ್ದೇ ಇರುತ್ತದೆ. ಅದರ ಲಾಭ ಇರುವುದು ಒಂದೇ ಫೈಲಿನ ಪ್ರೋಗ್ರಾಮ್ ಸಿಗುವುದರಲ್ಲಿ. ನಿಮ್ಮ ಲಿನಕ್ಸ್ ಲ್ಯಾಪ್‌ಟಾಪಿನಲ್ಲೇ ವಿಂಡೋಸ್‌ಗಾಗಿ ಕಂಪೈಲ್ ಮಾಡಿ, ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ, ಪೈಥಾನ್ ಇಲ್ಲದ ಕಚೇರಿಯ ಯಂತ್ರದಲ್ಲಿ ನೇರವಾಗಿ ಓಡಿಸಬಹುದು. ದಿನಕ್ಕೆ ನಾಲ್ಕು ಅಂಗಡಿ ಸುತ್ತುವವರಿಗೆ ಇದು ದೊಡ್ಡ ಅನುಕೂಲ.

ಎದುರಾಗುವ ಕಿರಿಕಿರಿ ಆಂಟಿವೈರಸ್‌ನದ್ದು: ಸಹಿಯಿಲ್ಲದ, ಹೆಸರು ಕೇಳದ, ನೂರಾರು ಸಂಪರ್ಕ ಮಾಡುವ ಪ್ರೋಗ್ರಾಮನ್ನು ಅದು ಅನುಮಾನಿಸುವುದು ಸಹಜ. ಗ್ರಾಹಕರ ಯಂತ್ರದಲ್ಲಿ ಆಂಟಿವೈರಸ್ ಆಫ್ ಮಾಡಿಸಿ ಭದ್ರತಾ ಪರೀಕ್ಷೆ ನಡೆಸುವುದು ನೋಡಲಿಕ್ಕೂ ಚೆನ್ನಾಗಿರುವುದಿಲ್ಲ, ಅದಕ್ಕೆ ನಿಮ್ಮದೇ ಲ್ಯಾಪ್‌ಟಾಪ್ ಒಯ್ಯುವುದು ಮೇಲು. ಆದರೆ ಹಾಗೆ ಒಯ್ದರೆ ಗೋದ ಮುಖ್ಯ ಲಾಭವೇ ಕರಗುತ್ತದೆ. ಗೋ ಈಗಾಗಲೇ ಬರುವವರು ಅದರಲ್ಲೇ ಬರೆಯಲಿ. ಸ್ಕ್ಯಾನರಿಗಾಗಿಯೇ ಗೋ ಕಲಿಯಬೇಕಿಲ್ಲ.

ಸಿ ಅಥವಾ ರಸ್ಟ್‌ನಲ್ಲಿ ಕಚ್ಚಾ ಸಾಕೆಟ್ ಬಳಸಿ ಬರೆಯುವುದು ಒಳ್ಳೆಯ ವಿದ್ಯೆ, ಸೆಮಿಸ್ಟರ್ ಪೂರ್ತಿ ಬೇಕಾದ ವಿದ್ಯೆ. ಪ್ಯಾಕೆಟ್ ಕೆಡದೆ ಬಂದಿದೆಯೇ ಎಂದು ತಿಳಿಸುವ ಚೆಕ್‌ಸಮ್ ಸಂಖ್ಯೆಯ ಲೆಕ್ಕದಲ್ಲೇ ಮೊದಲ ತಿಂಗಳು ಹೋಗುತ್ತದೆ. ರಾಬರ್ಟ್ ಗ್ರಹಾಂ ಬರೆದ ಮಾಸ್ಕ್ಯಾನ್ ಎಂಬ ಸ್ಕ್ಯಾನರ್ ಸೆಕೆಂಡಿಗೆ ಕೋಟಿ ಪ್ಯಾಕೆಟ್ ಲೆಕ್ಕದಲ್ಲಿ ಮಾತಾಡುತ್ತದೆಂದು ಅದನ್ನು ಮಾದರಿಯಾಗಿಟ್ಟುಕೊಳ್ಳುವವರು, ಏನೂ ಹೇಳದಿದ್ದರೆ ಅದು ಸೆಕೆಂಡಿಗೆ 100 ಪ್ಯಾಕೆಟ್ಟನ್ನಷ್ಟೇ ಕಳಿಸುತ್ತದೆ ಎಂಬುದನ್ನು ಗಮನಿಸುವುದಿಲ್ಲ. ಹನ್ನೆರಡು ಯಂತ್ರಗಳ ಮಂಡಿಗೆ ಅದನ್ನು ಪೂರ್ತಿ ತೆರೆದು ಬಿಡುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಮನೆ ಬಳಕೆಯ ರೂಟರಿಗೆ ಆ ಹೊರೆ ತಾಳಲಾಗದೆ, ಬಿಲ್ ಹಾಕುತ್ತಿರುವವರ ಇಂಟರ್ನೆಟ್ ನಿಂತು, ಎಲ್ಲರೂ ನಿಮ್ಮ ಕಡೆ ತಿರುಗಿ ನೋಡುತ್ತಾರೆ.

ಎನ್‌ಮ್ಯಾಪ್‌ನ ಮೇಲೆ ಕಟ್ಟುವುದು

ಗಾರ್ಡನ್ ಲಯನ್ ಅವರು 1997ರ ಸೆಪ್ಟೆಂಬರ್‌ನಲ್ಲಿ ಹೊರತಂದ ಎನ್‌ಮ್ಯಾಪ್ ಪೋರ್ಟಿನ ಸ್ಥಿತಿಯನ್ನು ಎರಡಾಗಿ ಅಲ್ಲ, ಆರಾಗಿ ವಿಂಗಡಿಸುತ್ತದೆ. ‘ತೆರೆದಿದೆ ಅಥವಾ ತಡೆಯಲಾಗಿದೆ, ಯಾವುದೆಂದು ಹೇಳಲಾರೆ’ ಎಂಬುದೂ ಅದರಲ್ಲಿ ಒಂದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವ ಈ ಪ್ರಾಮಾಣಿಕತೆಯೇ ನನ್ನ ಮೊದಲ ಅಳತೆಯಲ್ಲಿ ಅದನ್ನು ಎಲ್ಲಕ್ಕಿಂತ ಮೇಲಿಡುತ್ತದೆ. ನೆಟ್‌ವರ್ಕಿನ ನಿಧಾನ ನೋಡಿ ಕಾಯುವ ಸಮಯವನ್ನು ತಾನೇ ಹೊಂದಿಸಿಕೊಳ್ಳುತ್ತದೆ, ಉತ್ತರ ಬಾರದಿದ್ದರೆ ಮತ್ತೆ ಕೇಳುತ್ತದೆ.

ಅದರ ಮೇಲೆ ಕಟ್ಟಲು ಎರಡು ದಾರಿ. ಲುವಾ ಭಾಷೆಯಲ್ಲಿ ಎನ್‌ಮ್ಯಾಪ್‌ನ ಒಳಗೇ ಓಡುವ ಸ್ಕ್ರಿಪ್ಟು ಬರೆಯಬಹುದು, ಅದು ಒಂದು ನಿರ್ದಿಷ್ಟ ಸೇವೆಯನ್ನು ಗುರುತಿಸಬೇಕಾದಾಗ. ಹೆಚ್ಚು ಉಪಯೋಗಕ್ಕೆ ಬರುವುದು ಎರಡನೆಯದು: ಎನ್‌ಮ್ಯಾಪ್ ಓಡಿಸಿ ಎಕ್ಸ್‌ಎಂಎಲ್ ರೂಪದಲ್ಲಿ ಫಲಿತಾಂಶ ಪಡೆದು, ಪೈಥಾನಿನ ಅರುವತ್ತು ಸಾಲಿನಲ್ಲಿ ಅದನ್ನು ಓದಿ, ಕಳೆದ ತಿಂಗಳ ಪಟ್ಟಿಯೊಂದಿಗೆ ಹೋಲಿಸಿ, ಹೊಸದಾಗಿ ತೆರೆದ ಪೋರ್ಟುಗಳನ್ನು ಮಾತ್ರ ಕನ್ನಡದಲ್ಲಿ ಬರೆದುಕೊಡುವುದು. ಅಂಗಡಿ ಮಾಲೀಕರಿಗೆ ನಾಲ್ಕು ಪುಟದ ಸ್ಕ್ಯಾನ್ ವರದಿ ಬೇಡ; ಹೋದ ತಿಂಗಳಿಗೂ ಈ ತಿಂಗಳಿಗೂ ಏನು ಬದಲಾಯಿತು ಎಂಬ ಎರಡು ಸಾಲು ಬೇಕು.

ಇಲ್ಲೂ ಎಚ್ಚರ ತಪ್ಪುವ ಜಾಗಗಳಿವೆ. ಏನೂ ಹೇಳದಿದ್ದರೆ ಎನ್‌ಮ್ಯಾಪ್ ಹೆಚ್ಚು ಬಳಕೆಯ 1,000 ಪೋರ್ಟುಗಳನ್ನಷ್ಟೇ ನೋಡುತ್ತದೆ, ನಿಮ್ಮ ಡಿ.ವಿ.ಆರ್.ನ ಪೋರ್ಟು ಆ ಸಾವಿರದಲ್ಲಿ ಇದೆ ಎಂಬ ಭರವಸೆಯಿಲ್ಲ, ಪಟ್ಟಿಯನ್ನು ನೀವೇ ಕೊಡಬೇಕು. ಬೇರೆ ನೆಟ್‌ವರ್ಕಿನಲ್ಲಿರುವ ಯಂತ್ರ ಪಿಂಗ್‌ಗೆ ಉತ್ತರಿಸದಿದ್ದರೆ ಅದು ಇಲ್ಲವೇ ಇಲ್ಲ ಎಂದುಕೊಂಡು ಮುಂದೆ ಹೋಗಬಹುದು. ಪಿಂಗ್ ಬಿಟ್ಟು ನೇರವಾಗಿ ಸ್ಕ್ಯಾನ್ ಮಾಡಿಸುವ ‘ಪಿಎನ್’ ಆಯ್ಕೆ ಅದಕ್ಕಾಗಿ. ಇನ್ನು, ನಿಮ್ಮ ಕಂಪನಿ ಸ್ಕ್ಯಾನರನ್ನು ಉತ್ಪನ್ನವಾಗಿ ಮಾರುವುದಾದರೆ ಎನ್‌ಮ್ಯಾಪನ್ನು ಅದರೊಳಗೆ ಸೇರಿಸಿ ಹಂಚಲು ಬೇರೆ ವಾಣಿಜ್ಯ ಪರವಾನಗಿ ಬೇಕಾಗುತ್ತದೆ; ಆ ಒಂದು ಸಂದರ್ಭದಲ್ಲಿ ಗೋದಲ್ಲಿ ಸ್ವಂತದ್ದನ್ನು ಬರೆಯುವುದಕ್ಕೆ ಹಣದ ಕಾರಣವೂ ಸಿಗುತ್ತದೆ.

ಆರಿಸುವ ಮುನ್ನ ನಾಲ್ಕು ಬಾಗಿಲಿನ ಪರೀಕ್ಷೆ

ಯಾವುದನ್ನು ಆರಿಸಿದರೂ ಮೊದಲು ಎರಡು ಯಂತ್ರಗಳನ್ನು ಕೇಬಲ್ಲಿನಿಂದ ಜೋಡಿಸಿ, ಅಥವಾ ವರ್ಚುವಲ್‌ಬಾಕ್ಸಿನಲ್ಲಿ ಒಂದನ್ನು ಎಬ್ಬಿಸಿ. ಎದುರಿನ ಲಿನಕ್ಸ್ ಯಂತ್ರದಲ್ಲಿ ಪೈಥಾನಿನ ಪುಟ್ಟ ವೆಬ್ ಸರ್ವರನ್ನು 8000ದಲ್ಲಿ ಓಡಿಸಿ. 8001ನ್ನು ಖಾಲಿ ಬಿಟ್ಟು ಎರಡನ್ನೂ ಫೈರ್‌ವಾಲಿನಲ್ಲಿ ಅನುಮತಿಸಿ. 8002ಕ್ಕೆ ಪ್ಯಾಕೆಟ್ ನುಂಗುವ ‘ಡ್ರಾಪ್’ ನಿಯಮ, 8003ಕ್ಕೆ ‘ರಿಜೆಕ್ಟ್’ ನಿಯಮ ಹಾಕಿ. ಇದನ್ನು ಅದೇ ಯಂತ್ರದಿಂದ ಪರೀಕ್ಷಿಸಿದರೆ ಪ್ರಯೋಜನವಿಲ್ಲ, ಏಕೆಂದರೆ ಯಂತ್ರ ತನ್ನೊಡನೆ ತಾನೇ ಮಾತಾಡುವಾಗ ಸಾಮಾನ್ಯವಾಗಿ ಫೈರ್‌ವಾಲ್ ಅಡ್ಡ ಬರುವುದಿಲ್ಲ. ನಾಲ್ಕು ಪೋರ್ಟಿಗೆ ನಾಲ್ಕು ಉತ್ತರ ಬಂದರೆ ಉತ್ತಮ. 8003 ಮಾತ್ರ 8001ರಂತೆ ಕಂಡರೆ ಅದು ಸಾಕೆಟ್ ವಿಧಾನದ ಮಿತಿ ಎಂದು ವರದಿಯಲ್ಲಿ ಬರೆದು ಮುಂದುವರಿಯಬಹುದು. 8001 ಮತ್ತು 8002 ಒಂದೇ ರೀತಿ ಕಂಡರೆ ಆ ಸಾಧನವನ್ನು ಇನ್ನೊಬ್ಬರ ಅಂಗಡಿಗೆ ಒಯ್ಯಬೇಡಿ.

ಯಾರಿಗೆ ಯಾವುದು

ಎಂಟು ವಾರದಲ್ಲಿ ಪ್ರಾಜೆಕ್ಟ್ ಒಪ್ಪಿಸಬೇಕಾದ ವಿದ್ಯಾರ್ಥಿ ತಂಡಕ್ಕೆ ನನ್ನ ಸಲಹೆ ಪೈಥಾನ್ ಸಾಕೆಟ್‌ನಿಂದ ಆರಂಭಿಸಿ, ಮೂರನೇ ವಾರದಲ್ಲಿ ಅದನ್ನೇ ಸ್ಕೇಪಿಯಲ್ಲಿ ಮತ್ತೆ ಬರೆದು, 8003ನೇ ಪೋರ್ಟಿನ ವ್ಯತ್ಯಾಸವನ್ನು ಪ್ಯಾಕೆಟ್ ಸಮೇತ ತೋರಿಸುವುದು. ಪರೀಕ್ಷಕರು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕೆ ಅಲ್ಲೇ ಉತ್ತರವಿದೆ. ಲ್ಯಾಬಿನಲ್ಲಿ ಅಡ್ಮಿನ್ ಹಕ್ಕು ಸಿಗದಿದ್ದರೆ ಸ್ಕೇಪಿ ಬಿಟ್ಟು ಪೈಥಾನಿನಲ್ಲೇ ಉಳಿಯಿರಿ, ವಿಂಡೋಸ್‌ನಲ್ಲಿ ಮೂರು ಸೆಕೆಂಡಿನ ಮಿತಿಯಿಡಿ. ಸರ್ವರ್ ನೋಡಿಕೊಳ್ಳುವವರಿಗೆ ದಿನದ ತಪಾಸಣೆಗೆ ಬ್ಯಾಶ್ ಸಾಕು, ತಿಂಗಳ ತಪಾಸಣೆಗೆ ಎನ್‌ಮ್ಯಾಪ್ ಮೇಲಿನ ಸ್ಕ್ರಿಪ್ಟು. ಅಂಗಡಿ ಅಂಗಡಿ ಸುತ್ತುವವರು ಸ್ವಂತ ಸ್ಕ್ಯಾನರ್ ಬರೆಯುವ ಆಸೆಯನ್ನು ಕಲಿಕೆಗೆ ಇಟ್ಟುಕೊಂಡು, ಹಣ ಪಡೆದು ಕೊಡುವ ವರದಿಗೆ ಎನ್‌ಮ್ಯಾಪನ್ನೇ ನಂಬಲಿ.

ನಾನು ಮಾಡುವುದೂ ಅದನ್ನೇ. ಅದೇ ಮಂಡಿಯಲ್ಲಿ ಈಗ ಪ್ರತಿ ತಿಂಗಳ ಮೊದಲ ಸೋಮವಾರ, ವಹಿವಾಟು ಶುರುವಾಗುವ ಮೊದಲು, ಗುಮಾಸ್ತರ ಮೇಜಿನ ಪಕ್ಕದ ಲ್ಯಾನ್ ಕೇಬಲ್ಲಿಗೆ ಸಿಕ್ಕಿಸಿಕೊಂಡು ಕೂರುತ್ತೇನೆ. ಹೋದ ಸಲದ ಪಟ್ಟಿಯಲ್ಲಿ ಹೊಸದಾಗಿ ಒಂದೇ ಸಾಲು ಬಂದಿತ್ತು: ಲೆಕ್ಕದ ಯಂತ್ರದಲ್ಲಿ 9000 ತೆರೆದಿದೆ. ಮಾಲೀಕರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ನೋಡಿ, “ಹೌದ್ರಿ, ನಮ್ ಹುಡುಗ ಮೊಬೈಲ್‌ನಾಗ ಲೆಕ್ಕ ನೋಡಾಕಂತ ಏನೋ ಮಾಡ್ಯಾನ. ಅದು ನಿಮಗ ಹೆಂಗ ಗೊತ್ತಾತು?” ಎಂದರು. ಅದು ಒಳಗಿನ ನೆಟ್‌ವರ್ಕಿಗೆ ಮಾತ್ರ ತೆರೆದಿದೆಯೋ, ರೂಟರಿನಲ್ಲಿ ಹೊರಗಿಗೂ ದಾರಿ ಮಾಡಿದ್ದಾನೋ ಎಂದು ತಿಳಿಯಲು ಹುಡುಗನನ್ನು ಕರೆಸಿ ರೂಟರಿನ ಪುಟ ತೆರೆಸಬೇಕಾಯಿತು. ಸ್ಕ್ಯಾನರ್ ನಿಂತಿದ್ದು ಒಳಗೆ. ಹೊರಗಿನ ಬಾಗಿಲಿನ ಸಂಗತಿ ಅದಕ್ಕೆ ತಿಳಿಯುವಂತಿರಲಿಲ್ಲ.